ಮಹಡಿಗೆ ಹತ್ತಿದ ನೀಲಿ ತಂತಿ

ಎಲ್ಲಕ್ಕೂ ಮೂಲ ಒಂದು ಆಕಳಿಕೆ. ಅವಳು ಆಕಳಿಸಿದ್ದು ಮೂರೇ ಸೆಕೆಂಡು. ಆದರೆ ಸರಿಯಾಗಿ ಅದೇ ಗಳಿಗೆಯಲ್ಲಿ ನೆಟ್ ಕೈಕೊಟ್ಟು, ಆ ಆಕಳಿಕೆ ಆಫೀಸಿನ ಎಲ್ಲರ ಪರದೆಗಳ ಮೇಲೂ ನಾಲ್ಕು ನಿಮಿಷ ಅಲುಗಾಡದೆ ನಿಂತುಬಿಟ್ಟಿತು. ಮುಖ್ಯಸ್ಥರು ಆಗ ಮುಂದಿನ ಐದು ವರ್ಷಗಳ ಯೋಜನೆಯನ್ನು ವಿವರಿಸುತ್ತಿದ್ದರು. ಅವಳ ಎಡಗಡೆಯ ಎರಡು ದವಡೆ ಹಲ್ಲುಗಳಿಗೆ ಸಿಮೆಂಟು ತುಂಬಿಸಿದೆ ಎಂಬ ಸಂಗತಿ ಮೂವತ್ತೊಂದು ಸಹೋದ್ಯೋಗಿಗಳಿಗೆ ತಿಳಿದದ್ದು ಹಾಗೆ.

ಮೂರನೆಯ ದಿನ ಆದೇಶ ಬಂತು. ಬರುವ ತಿಂಗಳಿಂದ ಎಲ್ಲರೂ ಆಫೀಸಿಗೇ ಬಂದು ಕೆಲಸ ಮಾಡತಕ್ಕದ್ದು. ಮನೆಯಲ್ಲಿ ಬಾಗಿಲಿರುವ ಪ್ರತ್ಯೇಕ ಕೋಣೆ ಇದೆ, ಅರ್ಧ ಗಂಟೆ ಒಮ್ಮೆಯೂ ಕಡಿಯದ ನೆಟ್ ಇದೆ ಎಂದು ಪರೀಕ್ಷೆಯಲ್ಲಿ ತೋರಿಸಿಕೊಟ್ಟವರಿಗೆ ಮಾತ್ರ ವಿನಾಯಿತಿ. ಪರೀಕ್ಷೆಯನ್ನು ಸ್ವತಃ ಮುಖ್ಯಸ್ಥರೇ ಆಫೀಸಿನ ತಮ್ಮ ಕೋಣೆಯಲ್ಲಿ ಕೂತು ಮಾಡುತ್ತಾರೆ.

ಅವಳ ಕೆಲಸ ಕೈಪಿಡಿ ಬರೆಯುವುದು. ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ನೀರು ಕಾಯಿಸುವ ಯಂತ್ರ ಇವುಗಳ ಡಬ್ಬಿಯೊಳಗೆ ಮಡಚಿಟ್ಟಿರುವ, ಯಾರೂ ಬಿಡಿಸಿ ನೋಡದ ಪುಸ್ತಿಕೆಗಳನ್ನು ಬರೆಯುವವಳು ಅವಳು. 'ಒದ್ದೆ ಕೈಯಿಂದ ಮುಟ್ಟಬೇಡಿ' ಎಂಬ ಒಂದೇ ವಾಕ್ಯವನ್ನು ಈ ಹದಿನಾರು ವರ್ಷಗಳಲ್ಲಿ ಇನ್ನೂರು ಸಲವಾದರೂ ಬರೆದಿದ್ದಳು. ಬೀದಿಯವರಿಗೆಲ್ಲ ಅವಳು ಕೈಪಿಡಿಯಮ್ಮ. ಬೀದಿಯವರು ಹಾಗೆ ಕರೆಯುವಾಗ ಸ್ವಲ್ಪ ತಮಾಷೆಯೂ ಇತ್ತು. ಏಕೆಂದರೆ ಇಷ್ಟೆಲ್ಲ ಯಂತ್ರಗಳ ಬಗ್ಗೆ ಬರೆದವಳು ಸ್ವಂತ ಕೈಯಿಂದ ಒಂದು ಬಲ್ಬನ್ನೂ ಬದಲಾಯಿಸಿದವಳಲ್ಲ.

ಆಫೀಸಿಗೆ ಎರಡು ಬಸ್ಸು, ಒಂದು ಗಂಟೆ ಐವತ್ತು ನಿಮಿಷ. ಹನ್ನೆರಡು ವರ್ಷ ಆ ಬಸ್ಸುಗಳಲ್ಲಿ ನಿಂತೇ ಹೋಗಿ ನಿಂತೇ ಬಂದವಳಿಗೆ ಇನ್ನೊಮ್ಮೆ ಆ ಮೆಟ್ಟಿಲು ಹತ್ತುವುದೆಂದರೆ ಬೇಡವೇ ಬೇಡವೆನಿಸುತ್ತಿತ್ತು. ಮನೆಯಿಂದ ಕೆಲಸ ಮಾಡುತ್ತ ಈ ನಾಲ್ಕು ವರ್ಷಗಳಲ್ಲಿ ಮೊಣಕಾಲು ನೋವು ಹೋಗಿತ್ತು, ಬೆಳಗಿನ ಕಾಫಿಯನ್ನು ಕೂತು ಕುಡಿಯುವ ಅಭ್ಯಾಸವಾಗಿತ್ತು. ಅದನ್ನು ಉಳಿಸಿಕೊಳ್ಳಲು ಅವಳು ಏನು ಮಾಡಲೂ ಸಿದ್ಧಳಿದ್ದಳು. ಬಲ್ಬು ಬದಲಾಯಿಸಲೂ.

ಬಾಗಿಲಿರುವ ಪ್ರತ್ಯೇಕ ಕೋಣೆ ಮನೆಯಲ್ಲಿ ಒಂದೇ ಇತ್ತು, ತಾರಸಿಯ ಮೇಲೆ. ಅಲ್ಲಿಗೆ ಕೆಳಗಿನ ನೆಟ್ ಏರುತ್ತಿರಲಿಲ್ಲ. ಇನ್ನೊಂದು ವೈಫೈ ಡಬ್ಬಿಯನ್ನು ತಂದು ಅಲ್ಲಿಡೋಣವೆಂದರೆ ಆ ಕೋಣೆಗೆ ಕರೆಂಟೇ ಇಲ್ಲ. 'ನಾಳೆ ಎಲೆಕ್ಟ್ರಿಷಿಯನ್ ಬರ್ತಾನೆ' ಎಂದು ಅವಳ ಗಂಡ ಹೇಳತೊಡಗಿ ಆರು ವರ್ಷಗಳಾಗಿದ್ದವು.

ದಾರಿ ತೋರಿಸಿದವನು ಕಂಪ್ಯೂಟರ್ ಅಂಗಡಿಯವನು. "ಮೇಡಂ, ಇದು ಪಿಒಇ ಸ್ವಿಚ್ಚು," ಎಂದು ಅವನು ಇಟ್ಟಿಗೆಯಷ್ಟು ದಪ್ಪದ ಕಪ್ಪು ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಿದ್ದ. "ನೆಟ್ ಹೋಗೋ ತಂತೀಲೇ ಕರೆಂಟೂ ಹೋಗುತ್ತೆ. ಡಬ್ಬಿ ಕೆಳಗಡೆ ಇಟ್ಕೊಳ್ಳಿ, ಒಂದೇ ಒಂದು ತಂತಿ ಮೇಲಕ್ಕೆ ಎಳೀರಿ, ಅದರ ತುದಿಗೆ ಈ ವೈಫೈ ತಟ್ಟೆ ಸಿಕ್ಕಿಸಿ. ಮೇಲೆ ಪ್ಲಗ್ ಪಾಯಿಂಟೇ ಬೇಡ."

"ಒಂದೇ ತಂತೀಲಿ ಎರಡೂನಾ?"

"ಎರಡೂ."

ಅವಳಿಗೆ ಹೊಟ್ಟೆಗೆ ಹಾಲೆರೆದಂತಾಯಿತು. ಡಬ್ಬಿ, ತಟ್ಟೆ, ಮೂವತ್ತು ಮೀಟರು ನೀಲಿ ತಂತಿ ಎಲ್ಲವನ್ನೂ ಹೊತ್ತು ತಂದಳು.

ಪರೀಕ್ಷೆಗಳು ಆ ವಾರದ ಸೋಮವಾರ ಶುರುವಾದವು. ಸೋಮವಾರ ಏಳು ಜನ, ಏಳೂ ಜನ ಫೇಲು. ಮಂಗಳವಾರವೂ ಹಾಗೇ. ಗುರುವಾರ ಸಂಜೆ ಕುಕ್ಕರ್ ಕೈಪಿಡಿ ಬರೆಯುವ ಗೆಳತಿ ಅವಳಿಗೆ ಫೋನು ಮಾಡಿ, "ನಂದು ಹತ್ತು ನಿಮಿಷಕ್ಕೇ ಕಡಿದು ಹೋಯ್ತು ಕಣೆ. ಫ್ಯಾನ್ ವಿಭಾಗದ ಹಿರಿಯರದ್ದು ಹನ್ನೊಂದು. ಇನ್ನು ಉಳಿದಿರೋದು ನೀನೊಬ್ಬಳೇ," ಎಂದಳು. ದನಿಯಲ್ಲಿ ಹಾರೈಕೆ ಇತ್ತು, ಹಾರೈಕೆಯ ಹಿಂದೆ ಸಣ್ಣ ಹೊಟ್ಟೆಕಿಚ್ಚೂ ಇತ್ತು.

ಅವಳ ಸರದಿ ಶುಕ್ರವಾರ, ಸಾಯಂಕಾಲ ನಾಲ್ಕು ಗಂಟೆಗೆ.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಗಂಡ ತನ್ನ ಡ್ರೈವಿಂಗ್ ಶಾಲೆಗೆ ಹೋದ ಮೇಲೆ, ಅವಳು ಊಟದ ಮೇಜಿನ ಮೇಲೆ ಸ್ವಿಚ್ಚಿನ ಡಬ್ಬಿ ಬಿಚ್ಚಿದಳು. ಮೊದಲು ಕೈಗೆ ಸಿಕ್ಕಿದ್ದು ಕೈಪಿಡಿ. ಅಲ್ಲಿಗೆ ಮುಗಿಯಿತು. ಬೇರೆಯವರು ಬರೆದ ಕೈಪಿಡಿಯನ್ನು ಸುಮ್ಮನೆ ಓದುವುದು ಅವಳಿಂದ ಸಾಧ್ಯವೇ ಇರಲಿಲ್ಲ. ಪೆನ್ಸಿಲು ಬಂತು, ಕನ್ನಡಕ ಬಂತು. ಹನ್ನೊಂದೂವರೆಯ ಹೊತ್ತಿಗೆ ಇಪ್ಪತ್ತೆಂಟು ಪುಟಗಳ ಪುಸ್ತಿಕೆ ಹದಿನಾಲ್ಕು ಪುಟಕ್ಕಿಳಿದಿತ್ತು. ಹೇಳಿದ್ದನ್ನೇ ಹೇಳುವ ವಾಕ್ಯಗಳ ಮೇಲೆಲ್ಲ ದಪ್ಪ ಗೆರೆ ಬಿದ್ದಿತ್ತು. ಸ್ವಿಚ್ಚು ಮಾತ್ರ ಇನ್ನೂ ಥರ್ಮೋಕೋಲಿನೊಳಗೆ ಬೆಚ್ಚಗೆ ಮಲಗಿತ್ತು.

ಅವಳ ಅತ್ತೆ ಟಿವಿಯ ಧಾರಾವಾಹಿಯಿಂದ ಕಣ್ಣು ತೆಗೆಯದೆ ಕೇಳಿದರು. "ಓದಿ ಮುಗೀತಾ, ಇಲ್ಲ ಇನ್ನೂ ಪರೀಕ್ಷೆ ಬರೀಬೇಕಾ?"

"ಆಯ್ತು ಅತ್ತೆ, ಈಗ ಜೋಡಿಸೋದೇ."

"ಬೆಳಗ್ಗೆಯಿಂದ ಅದನ್ನೇ ಹೇಳ್ತಿದೀಯ. ಅಷ್ಟು ಹೊತ್ತು ನಿಮ್ಮ ಮಾವನ ಮುಖಾನೂ ನಾನು ನೋಡಿರಲಿಲ್ಲ, ಮದುವೆಗೆ ಮುಂಚೆ."

ಅವಳು ನೀಲಿ ತಂತಿಯ ಸುರುಳಿ ಹಿಡಿದು ಅಂಗಳಕ್ಕೆ ಬಂದು, ಕಿಟಕಿಯಿಂದ ತಾರಸಿಗೆ ಎಷ್ಟು ಎತ್ತರವಿದೆಯೆಂದು ಕತ್ತೆತ್ತಿ ನೋಡಿದಳು. ಈ ಬೀದಿಯಲ್ಲಿ ಒಬ್ಬರು ಕತ್ತೆತ್ತಿ ನೋಡಿದರೆ ಇನ್ನಿಬ್ಬರು ಬಂದು ನೋಡುವುದು ವಾಡಿಕೆ. ಮೊದಲು ಬಂದವರು ಎದುರುಮನೆಯ ಲೈನ್‌ಮನ್ ಮಾವ. ಮೂವತ್ತಾರು ವರ್ಷ ಕಂಬ ಹತ್ತಿ ಇಳಿದು ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಜೇಬಿನಲ್ಲಿ ಟೆಸ್ಟರ್ ಇಲ್ಲದೆ ಹಾಲು ತರಲೂ ಹೋಗುತ್ತಿರಲಿಲ್ಲ.

"ಏನಮ್ಮಾ ಅದು?"

"ನೆಟ್ ತಂತಿ ಮಾವ. ಇದರಲ್ಲೇ ಕರೆಂಟೂ ಹೋಗುತ್ತಂತೆ."

ಮಾವ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಹಾವಿನ ಮರಿಯನ್ನು ನೋಡುವಂತೆ ನೋಡಿದರು. "ಇದರಲ್ಲಾ? ಇದರಲ್ಲಿ ಹೋಗೋ ಕರೆಂಟು ಎಷ್ಟಂತೆ?"

"ನಲವತ್ತೆಂಟು ವೋಲ್ಟು."

"ನಲವತ್ತೆಂಟಾ," ಎಂದರು ಮಾವ, ಯಾರೋ ತಮ್ಮ ಮನೆತನಕ್ಕೆ ಅವಮಾನ ಮಾಡಿದ್ದಾರೆಂಬಂತೆ. "ಹನ್ನೊಂದು ಸಾವಿರದ ಲೈನಲ್ಲಿ ಕೆಲಸ ಮಾಡಿದೋನು ನಾನು. ನಲವತ್ತೆಂಟು ಅಂದ್ರೆ ಅದು ಕರೆಂಟಲ್ಲ ಕಣಮ್ಮ, ಕಚಗುಳಿ."

ಅಷ್ಟೆಂದು ಹೊರಟುಹೋದರೇ? ಇಲ್ಲ. ಮನೆಗೆ ಹೋಗಿ ಏಣಿ, ಸುತ್ತಿಗೆ, ರಬ್ಬರ್ ಕೈಗವಸು ತಂದರು. ಕರೆಂಟಿನ ಹೆಸರು ಬಂದ ಮೇಲೆ ಬೇರೆಯವರ ಕೈಯಿಂದ ಲೈನು ಎಳೆಸುವುದು ತಮ್ಮ ಮರ್ಯಾದೆಗೆ ಕಡಿಮೆ ಎಂಬುದು ಅವರ ನಿಲುವು.

ಎರಡನೆಯವರು ಪಕ್ಕದ ಮನೆಯ ಟೈಲರಕ್ಕ. ಕುತ್ತಿಗೆಯಲ್ಲಿ ಅಳತೆಪಟ್ಟಿ ತೂಗಿಸಿಕೊಂಡೇ ಕಾಂಪೌಂಡಿನ ಮೇಲೆ ಮುಖವಿಟ್ಟು, "ಹದಿನೆಂಟು ಅಡಿ ಬರುತ್ತೆ ನೋಡಿ," ಎಂದು ಕಣ್ಣಳತೆಯಲ್ಲೇ ತೀರ್ಪು ಕೊಟ್ಟು, "ಮಡಚೋಕೆ ಅಂತ ಮೇಲೆ ಎರಡು ಅಡಿ ಬಿಡಿ," ಎಂದು ಸೇರಿಸಿದಳು.

ಮಾವ ಕೆಲಸ ಶುರು ಮಾಡಿದ್ದು ಮೀಟರ್ ಪೆಟ್ಟಿಗೆಯಿಂದ. ಗೋಡೆಯೊಳಗೆ ಹಳೆಯ ವೈರುಗಳು ಎಲ್ಲೆಲ್ಲಿವೆಯೋ ಯಾರಿಗೆ ಗೊತ್ತು, ಮೊಳೆ ಹೊಡೆಯುವ ಮುಂಚೆ ಲೈನು ಸತ್ತಿರಬೇಕು ಎಂದು ಬಿಳಿ ಪಿಂಗಾಣಿಯ ಫ್ಯೂಸನ್ನು ಕಿತ್ತರು, ಕಿತ್ತು ಷರಟಿನ ಜೇಬಿಗೆ ಹಾಕಿಕೊಂಡರು. ಒಳಗೆ ಧಾರಾವಾಹಿಯ ನಾಯಕಿ ಏನನ್ನೋ ಹೇಳಲು ಬಾಯಿ ತೆರೆದವಳು ಹೇಳದೆಯೇ ಕತ್ತಲಾದಳು.

"ಅಯ್ಯೋ, ಮಗು ಯಾರದ್ದು ಅಂತ ಹೇಳ್ತಿದ್ಲು," ಎಂದರು ಅತ್ತೆ.

"ಅದನ್ನಲ್ಲೇ ಇಟ್ಟಿರಬಹುದಿತ್ತಲ್ಲ ಮಾವ, ಜೇಬಿಗೆ ಯಾಕೆ?" ಎಂದು ಕೇಳಿದಳು ಕೈಪಿಡಿಯಮ್ಮ.

"ಅಲ್ಲಿಟ್ರೆ ಯಾರಾದ್ರೂ ಪುಣ್ಯಾತ್ಮ ಬಂದು ಹಾಕ್ತಾನೆ, ಕಂಬದ ಮೇಲಿರೋನು ಅಲ್ಲೇ ಸುಟ್ಟು ಹೋಗ್ತಾನೆ. ನಮ್ಮಲ್ಲಿ ಕಾನೂನೇ ಅದು. ತೆಗೆದೋನ ಜೇಬಲ್ಲೇ ಫ್ಯೂಸು ಇರ್ಬೇಕು, ತೆಗೆದೋನೇ ವಾಪಸ್ ಹಾಕ್ಬೇಕು. ಮೂವತ್ತಾರು ವರ್ಷ ನಾನು ಬದುಕಿರೋದು ಹಾಗೆ."

ಅದನ್ನು ಕೇಳಿ ಅವಳಿಗೆ ಗೌರವವೇ ಮೂಡಿತು. ಅವಳ ಇನ್ನೂರು 'ಒದ್ದೆ ಕೈಯಿಂದ ಮುಟ್ಟಬೇಡಿ'ಗಳನ್ನು ನಿಜವಾಗಿ ಪಾಲಿಸುವ ಮನುಷ್ಯನೊಬ್ಬ ಎದುರುಮನೆಯಲ್ಲೇ ಇದ್ದನಲ್ಲ.

ಮಾವನ ಕೆಲಸ ಅಚ್ಚುಕಟ್ಟು. ಗೇಣಿಗೊಂದು ಕ್ಲಿಪ್ಪು ಬಡಿದು, ತಂತಿಯನ್ನು ಗೋಡೆಯುದ್ದಕ್ಕೂ ಗೆರೆ ಎಳೆದಂತೆ ಹತ್ತಿಸಿದರು. ತಾರಸಿಯ ಮೇಲೆ ಕಟ್ಟೆಯಿಂದ ಕೋಣೆಯವರೆಗಿನ ಹತ್ತಡಿ ಜಾಗದಲ್ಲಿ ಆಳೆತ್ತರದಲ್ಲಿ ಬಿಗಿಯಾಗಿ ಕಟ್ಟಿದರು, ಬೆರಳಲ್ಲಿ ಮೀಟಿದರೆ ನಾದ ಬರುವಷ್ಟು. ತಟ್ಟೆಯನ್ನು ಕೋಣೆಯ ಚಾವಣಿಗೆ ಸಿಕ್ಕಿಸಿದರು. ಕೆಳಗೆ ಅವಳು ಸ್ವಿಚ್ಚನ್ನು ಹೊರತೆಗೆದು ಟಿವಿಯ ಪಕ್ಕ ಇಟ್ಟು, ಕೆಳಗಿನ ನೆಟ್ಟಿಗೂ ಪ್ಲಗ್ಗಿಗೂ ಜೋಡಿಸಿ, ತಂತಿಯ ಈ ತುದಿಯನ್ನು ಎಂಟು ಕಿಂಡಿಗಳಲ್ಲಿ ಒಂದಕ್ಕೆ ಟಕ್ಕೆಂದು ಸಿಕ್ಕಿಸಿ, ಮೆಟ್ಟಿಲ ಬುಡದಲ್ಲಿ ಮಾವನಿಗಾಗಿ ಕಾದಳು.

ಎರಡೂವರೆ ಆಯಿತು. ಮೂರಾಯಿತು. ಮೇಲೆ ಸುತ್ತಿಗೆಯ ಸದ್ದೂ ಇಲ್ಲ, ಕೆಮ್ಮಿನ ಸದ್ದೂ ಇಲ್ಲ. ಹತ್ತಿ ನೋಡಿದರೆ ತಾರಸಿ ಖಾಲಿ. ಪಕ್ಕದ ತಾರಸಿಯಲ್ಲಿ ಟೈಲರಕ್ಕ ಬಕೆಟ್ ಹಿಡಿದು ನಿಂತಿದ್ದಳು.

"ಅಕ್ಕಾ, ಮಾವನ್ನ ನೋಡಿದ್ರಾ?"

"ಆಗಲೇ ನಮ್ಮ ಕಡೆಯಿಂದ ಇಳಿದು ಹೋದ್ರಲ್ಲ. ಕಟಿಂಗ್ ಶಾಪಿಗೆ ಇದೇ ಹತ್ತಿರದ ದಾರಿ ಅಂದ್ರು. ಯಾಕೆ?"

"ನಮ್ಮನೆ ಕರೆಂಟು ಅವರ ಜೇಬಲ್ಲಿದೆ."

ಟೈಲರಕ್ಕ ಈ ಮಾತನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿ, ಅರ್ಥ ಮಾಡಿಕೊಳ್ಳುವ ಪ್ರಯತ್ನ ಕೈಬಿಟ್ಟಳು. ಅಷ್ಟರಲ್ಲಿ ಕೈಪಿಡಿಯಮ್ಮ ಬೀದಿಗಿಳಿದಿದ್ದಳು. ನಲವತ್ಮೂರನೆಯ ವಯಸ್ಸಿನಲ್ಲಿ, ಮನೆಯ ಚಪ್ಪಲಿಯಲ್ಲಿ, ಹಾಡಹಗಲಲ್ಲಿ ಓಡುವ ಹೆಂಗಸನ್ನು ಬೀದಿಯವರು ಸುಮ್ಮನೆ ಬಿಡುವುದುಂಟೇ. "ಏನಾಯ್ತು, ಏನಾಯ್ತು" ಎಂದು ಮೂರು ಬಾಗಿಲುಗಳು ಕೇಳಿದವು. "ಫ್ಯೂಸು," ಎಂದಷ್ಟೇ ಹೇಳಿ ಓಡಿದಳು. ಅವಳ ಗಂಡನಿಗೇ ಏನೋ ಆಗಿದೆ ಎಂದು ಮೂರು ಬಾಗಿಲುಗಳೂ ತೀರ್ಮಾನಿಸಿದವು. ಒಂದಾದ ಮೇಲೊಂದು ಅವನಿಗೆ ಫೋನು ಮಾಡಿಯೂಬಿಟ್ಟವು.

ಕಟಿಂಗ್ ಶಾಪಿನಲ್ಲಿ ಮಾವ ಕತ್ತು ಹಿಂದಕ್ಕೆ ಚಾಚಿ, ಮೈತುಂಬ ಬಿಳಿ ಬಟ್ಟೆ ಹೊದ್ದು, ಕಣ್ಣು ಮುಚ್ಚಿ ಕೂತಿದ್ದರು. ಮುಖದ ಎಡ ಅರ್ಧ ನುಣ್ಣಗಾಗಿತ್ತು, ಬಲ ಅರ್ಧದಲ್ಲಿ ನೊರೆ ಇತ್ತು.

"ಮಾವ, ಫ್ಯೂಸು."

ಮಾವ ಒಂದೇ ಕಣ್ಣು ತೆರೆದರು. ಬಟ್ಟೆಯೊಳಗೆ ಕೈ ಹೋಗಿ ಜೇಬು ತಡವಿತು. ಮೂವತ್ತಾರು ವರ್ಷಗಳ ಕೀರ್ತಿ ಆ ಮುಖದ ನುಣುಪಾದ ಭಾಗದಲ್ಲಿ ಕುಸಿಯುವುದು ಸ್ಪಷ್ಟವಾಗಿ ಕಂಡಿತು. "ಅಯ್ಯೋ ದೇವರೇ. ನಾನು ಮರೆತೆ ಅಂತ ಯಾರಿಗೂ ಹೇಳ್ಬೇಡಮ್ಮ."

"ಹೇಳಲ್ಲ. ಕೊಡಿ, ನಾನೇ ಹಾಕ್ಕೋತೀನಿ. ಮೂರೂಕಾಲಾಯ್ತು."

"ಅದೆಲ್ಲ ಆಗಲ್ಲ. ತೆಗೆದೋನೇ ಹಾಕ್ಬೇಕು."

"ಮಾವ, ನಾಲ್ಕಕ್ಕೆ ನನ್ನ ಪರೀಕ್ಷೆ."

"ಅದಕ್ಕೇ ನಡಿ ಅಂತಿರೋದು," ಎಂದು ಮಾವ ಎದ್ದೇ ಬಿಟ್ಟರು. ಕ್ಷೌರದ ಕತ್ತಿ ಹಿಡಿದವನು, "ಸ್ವಾಮಿ, ಇನ್ನರ್ಧ ಇದೆ," ಎಂದು ಹೇಳುವಷ್ಟರಲ್ಲಿ ಇಬ್ಬರೂ ಬಾಗಿಲು ದಾಟಿದ್ದರು. ಮುಂದೆ ಬಿಳಿ ಬಟ್ಟೆ ಹಾರಿಸಿಕೊಂಡು ಅರ್ಧ ನೊರೆಯ ಮಾವ, ಹಿಂದೆ ಏದುಸಿರಿನ ಕೈಪಿಡಿಯಮ್ಮ. ಅವಳ ಗಂಡನ ಗತಿ ಏನಾಗಿರಬಹುದೆಂದು ಬೀದಿಗಿದ್ದ ಕೊನೆಯ ಸಂಶಯವೂ ಆಗ ಬಗೆಹರಿಯಿತು.

ಫ್ಯೂಸು ಕೂತಿತು. ಟಿವಿ ಹೊತ್ತಿಕೊಂಡಿತು. ಸ್ವಿಚ್ಚಿನ ಮುಖದ ಮೇಲೆ ಹಸಿರು ಚುಕ್ಕೆಗಳು ಕಣ್ಣು ಬಿಟ್ಟವು. ಅವಳು ಎರಡೆರಡು ಮೆಟ್ಟಿಲು ಹಾರಿ ತಾರಸಿಗೆ ಬಂದಳು, ಬಂದವಳು ಅಲ್ಲೇ ನಿಂತಳು.

ನೀಲಿ ತಂತಿ ಕಾಣುತ್ತಿರಲಿಲ್ಲ. ಅದರ ಹತ್ತಡಿಯ ಮೇಲೂ ಒದ್ದೆ ಬಟ್ಟೆ ಒಂದಕ್ಕೊಂದು ತಾಗಿಕೊಂಡು ನೇತಾಡುತ್ತಿತ್ತು. ಹಸಿರು, ಕೆಂಪು, ಹೂಹೂವಿನದು. ತಂತಿ ಭಾರಕ್ಕೆ ಬಾಗಿ ಬಿಲ್ಲಾಗಿತ್ತು.

"ಹೊಲಿಯೋಕೆ ಬಂದ ಬಟ್ಟೆ ಕಣಮ್ಮ," ಎಂದಳು ಟೈಲರಕ್ಕ ಪಕ್ಕದ ತಾರಸಿಯಿಂದ, ಉಪಕಾರ ಹೊತ್ತವಳ ಸಂಕೋಚದಲ್ಲಿ. "ನೆನೆಸಿ ಒಣಗಿಸದೆ ಕತ್ತರಿ ಹಾಕಿದ್ರೆ ಆಮೇಲೆ ಕುಗ್ಗುತ್ತೆ. ನನ್ನ ಹಗ್ಗ ತುಂಬಿತ್ತು. ನೀವು ಹೊಸ ಹಗ್ಗ ಕಟ್ಟಿಸಿದ್ದು ಎಷ್ಟು ಒಳ್ಳೇದಾಯ್ತು ಅಂತೀನಿ. ಎಂಥಾ ಬಿಗಿ."

"ಅಕ್ಕಾ, ಅದು ಹಗ್ಗ ಅಲ್ಲ. ಅದರಲ್ಲಿ ಕರೆಂಟಿದೆ."

ಆ ಮಾತಿನ ನಂತರ ಟೈಲರಕ್ಕ ಮೊಣಕಾಲೆತ್ತರದ ಗೋಡೆಯನ್ನು ಹೇಗೆ ದಾಟಿದಳು, ಹದಿಮೂರು ಬಟ್ಟೆಗಳನ್ನು ಎಷ್ಟು ಬೇಗ ಎಳೆದುಕೊಂಡಳು ಎಂಬುದನ್ನು ಅವಳೇ ಆಮೇಲೆ ನಂಬಲಿಲ್ಲ. "ಕಚಗುಳಿ ಅಷ್ಟೆ, ಕಚಗುಳಿ," ಎಂದು ಮಾವ ಏದುಸಿರು ಬಿಡುತ್ತ ಬಂದು ಸಮಾಧಾನ ಹೇಳಿ, ತಂತಿಯನ್ನು ಮತ್ತೆ ಬಿಗಿದರು.

ಮೂರೂ ಮೂವತ್ತೈದು. ಕೋಣೆಯ ಚಾವಣಿಯಲ್ಲಿ ತಟ್ಟೆ ತಣ್ಣಗೆ ಕೂತಿತ್ತು. ದೀಪವಿಲ್ಲ, ಉಸಿರಿಲ್ಲ.

"ಹೇಳ್ಲಿಲ್ವಾ ನಾನು, ಇಷ್ಟು ತೆಳ್ಳಗಿನ ತಂತೀಲಿ ಎಲ್ಲಿ ಬರುತ್ತೆ ಕರೆಂಟು," ಎಂದರು ಮಾವ. ದನಿಯಲ್ಲಿ ದುಃಖಕ್ಕಿಂತ ಗೆಲುವೇ ಜಾಸ್ತಿ ಇತ್ತು.

ಅವಳು ಕೆಳಗೆ ಓಡಿ ಕೈಪಿಡಿ ತೆರೆದಳು. 'ದೀಪ ಬರದಿದ್ದರೆ ಪುಟ ಒಂಬತ್ತು ನೋಡಿ' ಎಂದಿತ್ತು. ಪುಟ ಒಂಬತ್ತರಲ್ಲಿ ಮೇಲಿನಿಂದ ಕೆಳಗಿನವರೆಗೆ ಅವಳದ್ದೇ ದಪ್ಪ ಪೆನ್ಸಿಲಿನ ಗೆರೆಗಳು. ಪಕ್ಕದಲ್ಲಿ ಅವಳದ್ದೇ ಚೆಂದದ ಅಕ್ಷರದಲ್ಲಿ 'ಅನಗತ್ಯ, ಕೈಬಿಡಬಹುದು'. ಕನ್ನಡಕವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಕಿಟಕಿಯ ಬೆಳಕಿಗೆ ಒಡ್ಡಿದಳು. ಒಂದು ಪದವೂ ದಕ್ಕಲಿಲ್ಲ. ಇಷ್ಟು ಚೊಕ್ಕವಾಗಿ ಅವಳು ಯಾವತ್ತೂ ಯಾವ ವಾಕ್ಯವನ್ನೂ ಹೊಡೆದುಹಾಕಿರಲಿಲ್ಲ.

ಮೂರೂ ನಲವತ್ತಮೂರು. ಫೋನು ಬಂತು. ಗಂಡ.

"ನಂಗೇನಾಗಿದೆಯಂತೆ?"

"ನಿಮಗಾ? ಏನೂ ಆಗಿಲ್ಲ ರೀ."

"ಮತ್ತೆ ಮೂರು ಜನ ಫೋನ್ ಮಾಡಿ ನನ್ನ ಹತ್ರಾನೇ ನನ್ನ ಆರೋಗ್ಯ ವಿಚಾರಿಸಿದ್ರು."

"ಆಮೇಲೆ ಹೇಳ್ತೀನಿ. ಮೇಲಿನ ತಟ್ಟೆಗೆ ಕರೆಂಟು ಬರ್ತಿಲ್ಲ."

"ಅಷ್ಟೇ ತಾನೆ. ನಾಳೆ ಎಲೆಕ್ಟ್ರಿಷಿ—"

ಅವಳು ಫೋನಿಟ್ಟಳು. ಸ್ವಿಚ್ಚಿನ ಮುಂದೆ ನೆಲದ ಮೇಲೆ ಕುಸಿದು ಕೂತಳು. ಕಣ್ಣೆದುರು ಬಸ್ಸಿನ ಕಂಬಿ ಕಾಣತೊಡಗಿತು, ಅದಕ್ಕೆ ಜೋತುಬಿದ್ದ ತನ್ನ ಕೈಯೂ ಕಂಡಿತು.

"ಆ ಹಳದಿ ಗೆರೆ ಯಾಕೆ?" ಎಂದರು ಅತ್ತೆ.

"ಯಾವ ಗೆರೆ?"

"ಆ ಡಬ್ಬಿದು. ಮಧ್ಯಾಹ್ನದಿಂದ ಟಿವಿ ಪಕ್ಕಾನೇ ಇಟ್ಟಿದೀಯಲ್ಲ, ಅದೇ ಕಣ್ಣಿಗೆ ಬೀಳ್ತಿದೆ. ನಾಲ್ಕು ತೂತಿನ ಕೆಳಗೆ ಹಳದಿ ಬಳಿದಿದಾರೆ, ಇನ್ನು ನಾಲ್ಕಕ್ಕೆ ಇಲ್ಲ. ನೀನು ಬಳಿದೇ ಇರೋ ಕಡೆ ಚುಚ್ಚಿದೀಯ. ಸುಮ್ನೆ ಯಾರಾದ್ರೂ ಬಣ್ಣ ದಂಡ ಮಾಡ್ತಾರಾ?"

ಅವಳು ತಂತಿಯನ್ನು ಆರನೆಯ ಕಿಂಡಿಯಿಂದ ಕಿತ್ತು, ಹಳದಿ ಗೆರೆಯ ಮೇಲಿನ ಎರಡನೆಯದಕ್ಕೆ ಸಿಕ್ಕಿಸಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಿಂಡಿಯ ಪಕ್ಕದಲ್ಲಿ ಇದುವರೆಗೂ ಇಲ್ಲದ ಕಿತ್ತಳೆ ಚುಕ್ಕೆಯೊಂದು ಹೊತ್ತಿಕೊಂಡಿತು.

"ಬಂತು," ಎಂದು ಮೇಲಿನಿಂದ ಮಾವನ ದನಿ ಕೇಳಿಸಿತು. ಮತ್ತೆ, ತಮಗೆ ತಾವೇ ಹೇಳಿಕೊಳ್ಳುವಂತೆ, "ಬಂದೇ ಬಿಡ್ತಲ್ಲಪ್ಪ. ಇಷ್ಟು ತೆಳ್ಳಗಿನ ತಂತೀಲಿ."

ಅವಳು ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಹದಿನೆಂಟು ವರ್ಷಗಳಲ್ಲಿ ಅವರಿಬ್ಬರೂ ಹಾಗೆ ಕೈ ಹಿಡಿದುಕೊಂಡದ್ದು ಅದೇ ಮೊದಲು. "ಹೋಗು ಹೋಗು," ಎಂದರು ಅತ್ತೆ, ನಾಚಿಕೊಂಡು. "ಮಗು ಯಾರದ್ದು ಅಂತ ಈಗಾದ್ರೂ ಹೇಳ್ತಾಳೇನೋ ನೋಡ್ಬೇಕು."

ನಾಲ್ಕು ಗಂಟೆಗೆ ಎರಡು ನಿಮಿಷವಿರುವಾಗ ಅವಳು ತಾರಸಿಯ ಕೋಣೆಯಲ್ಲಿ ಬಾಗಿಲು ಹಾಕಿ, ತಲೆ ಬಾಚಿ, ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ತಲೆಯ ಮೇಲೆ ತಟ್ಟೆಯ ದೀಪ ನೀಲಿಯಾಗಿ, ಸ್ಥಿರವಾಗಿ ಬೆಳಗುತ್ತಿತ್ತು. ಹೊರಗೆ ಟೈಲರಕ್ಕ ತಂತಿಯ ಕೆಳಗೆ ಕಾವಲು ನಿಂತಿದ್ದಳು, ಕಾಗೆ ಕೂತರೂ ಬಿಡಬಾರದೆಂದು ಅಳತೆಪಟ್ಟಿ ಬೀಸುತ್ತ.

ಮುಖ್ಯಸ್ಥರು ಪರದೆಗೆ ಬಂದರು. ಆಫೀಸಿನ ತಮ್ಮ ಕೋಣೆಯಲ್ಲಿ, ಹಿಂದೆ ಕಪಾಟು, ಮುಂದೆ ಗಡಿಯಾರ. "ಶುರು ಮಾಡೋಣ. ನಿಮ್ಮದು ಮೂವತ್ತೆರಡನೇದು, ಕೊನೇದು. ಇಲ್ಲೀವರೆಗೆ ಒಬ್ಬರೂ ಪಾಸಾಗಿಲ್ಲ."

"ಗೊತ್ತು ಸರ್."

ಐದು ನಿಮಿಷ ಚೆನ್ನಾಗಿ ನಡೆಯಿತು. ಹತ್ತು ನಿಮಿಷ. ಮುಖ್ಯಸ್ಥರು ಕಣ್ಣು ಕಿರಿದಾಗಿಸಿದರು. "ನಿಮ್ಮ ಹಿಂದೆ ಕಿಟಕೀಲಿ ಯಾರೋ ಇದಾರೆ. ಅರ್ಧ ಮುಖಕ್ಕೆ ಏನೋ ಹಚ್ಕೊಂಡಿದಾರೆ."

ಅವಳು ತಿರುಗಿ ನೋಡಲಿಲ್ಲ. "ನೆಟ್‌ವರ್ಕ್ ನೋಡ್ಕೊಳ್ಳೋರು ಸರ್. ಲೈನ್ ಅವರೇ ಎಳೆದಿದ್ದು. ಮೂವತ್ತಾರು ವರ್ಷದ ಅನುಭವ."

"ಮನೇಲೇ ಒಂದು ವಿಭಾಗ ಇಟ್ಟಿದೀರಾ," ಎಂದು ಮುಖ್ಯಸ್ಥರು ಏನನ್ನೋ ಬರೆದುಕೊಂಡರು. ಅದೇ ಗಳಿಗೆಯಲ್ಲಿ ಅವರ ಮುಖ ಚೌಕ ಚೌಕವಾಗಿ ಒಡೆದು, ಮೂಗು ಕಪಾಟಿನ ಮೇಲೆ ಹೋಗಿ ಕೂತಿತು.

ದನಿ ಮಾತ್ರ ಬಂತು. "ಅಯ್ಯೋ, ಕಡೀತಲ್ಲ. ನಿಮ್ಮದೂ ಫೇಲು."

ಹಿಂದಿನ ವಾರದ ಕೈಪಿಡಿಯಮ್ಮನಾಗಿದ್ದರೆ 'ಆಗಲಿ ಸರ್' ಎಂದು ತಲೆ ತಗ್ಗಿಸಿಬಿಡುತ್ತಿದ್ದಳು. ಆದರೆ ಬೆಳಗ್ಗೆಯಿಂದ ಅವಳು ಸುಮ್ಮನೆ ಓಡಿರಲಿಲ್ಲ. ತಲೆಯೆತ್ತಿ ತಟ್ಟೆಯನ್ನು ನೋಡಿದಳು. ದೀಪ ಮಿಸುಕದೆ ನೀಲಿಯಾಗಿತ್ತು.

"ಸರ್, ಒಂದು ನಿಮಿಷ. ನನ್ನ ಕಡೆ ಕಡಿದಿಲ್ಲ."

"ಅಂದ್ರೆ?"

"ನಿಮ್ಮ ಕೋಣೇಲಿ ನೆಟ್ಟಿನ ಡಬ್ಬಿ ಇರುತ್ತಲ್ಲ ಸರ್, ಅದರ ದೀಪ ಯಾವ ಬಣ್ಣದಲ್ಲಿದೆ ನೋಡ್ತೀರಾ?"

ಕುರ್ಚಿ ಸರಿದ ಸದ್ದು. ಕಪಾಟಿನ ಬಾಗಿಲು ತೆರೆದ ಸದ್ದು. ಏನೋ ಬಿದ್ದ ಸದ್ದು. "ಕೆಂಪು," ಎಂದರು ಮುಖ್ಯಸ್ಥರು ದೂರದಿಂದ. "ಮಿಣಿಮಿಣಿ ಅಂತಿದೆ. ಈಗ ಆರಿತು. ಈಗ ಮತ್ತೆ ಬಂತು."

"ಅಲ್ಲಿಗೆ ನೋಡಿ ಸರ್. ನನ್ನದು ಸ್ಥಿರವಾಗಿದೆ," ಎಂದು ಅವಳು ಲ್ಯಾಪ್‌ಟಾಪನ್ನೇ ಎತ್ತಿ ಚಾವಣಿಯ ಕಡೆ ತಿರುಗಿಸಿದಳು. "ಕಡೀತಿರೋದು ಆಫೀಸಿಂದು. ಹತ್ತು ಹನ್ನೊಂದು ನಿಮಿಷಕ್ಕೊಂದು ಸಲ ನಿಮ್ಮ ಡಬ್ಬಿ ಆರಿ ಹೊತ್ಕೊಳ್ತಿದೆ. ಕುಕ್ಕರ್ ವಿಭಾಗದವಳದ್ದು ಹತ್ತು ನಿಮಿಷಕ್ಕೆ ಹೋಯ್ತು, ಫ್ಯಾನಿನವರದ್ದು ಹನ್ನೊಂದಕ್ಕೆ. ಯಾರ ಮನೆ ನೆಟ್ಟಿನ ತಪ್ಪೂ ಅಲ್ಲ ಸರ್ ಅದು."

ಆ ಕಡೆ ಕಪಾಟಿನ ಬಾಗಿಲು ಮೆಲ್ಲಗೆ ಮುಚ್ಚಿತು, ಕುರ್ಚಿ ಮತ್ತೆ ಸರಿಯಿತು.

"ಏನ್ ಮಾಡ್ಬೇಕು ಅದಕ್ಕೆ?" ಎಂದು ಮುಖ್ಯಸ್ಥರು ಕೇಳಿದರು, ಹದಿನಾರು ವರ್ಷಗಳಲ್ಲಿ ಮೊದಲ ಬಾರಿಗೆ.

ಅವಳು ಹೇಳಿದಳು. ಹೇಳುತ್ತ ಹೇಳುತ್ತ ಮೈಯಲ್ಲಿ ಅದೆಲ್ಲಿಂದಲೋ ಹುರುಪು ಬಂತು. ಮಹಡಿಗೊಂದು ಪಿಒಇ ಸ್ವಿಚ್ಚು ಇಡಬೇಕು, ಅಲ್ಲಿಂದ ಒಂದೊಂದೇ ತಂತಿ ಎಳೆಯಬೇಕು, ಚಾವಣಿಗೊಂದು ತಟ್ಟೆ ಸಿಕ್ಕಿಸಬೇಕು, ಎಲ್ಲೂ ಹೊಸ ಪ್ಲಗ್ ಪಾಯಿಂಟು ಬೇಡ, ಗೋಡೆ ಒಡೆಯುವುದು ಬೇಡ. ಕರೆಂಟು ಬರುವ ಕಿಂಡಿ ಯಾವುದು, ಬರದ ಕಿಂಡಿ ಯಾವುದು ಎಂದು ನೋಡಿಯೇ ಸಿಕ್ಕಿಸಬೇಕು, ಇದನ್ನು ತಾನು ಒತ್ತಿ ಹೇಳುತ್ತಿದ್ದೇನೆ ಎಂದಳು. ಕೆಲಸ ನಡೆಯುವಾಗ ಫ್ಯೂಸು ತೆಗೆದವರ ಜೇಬಲ್ಲೇ ಇರಬೇಕು, ಆದರೆ ಅವರು ಊರು ಬಿಟ್ಟು ಹೋಗಬಾರದು. ತಂತಿಯ ಮೇಲೆ ಬಟ್ಟೆ ಒಣಹಾಕಕೂಡದು. ಇಷ್ಟು ವರ್ಷ ಯಾರೂ ಓದದ್ದನ್ನು ಬರೆದವಳ ಮಾತನ್ನು ಇವತ್ತು ಒಬ್ಬರು ಟಿಪ್ಪಣಿ ಮಾಡಿಕೊಳ್ಳುತ್ತ ಕೇಳುತ್ತಿದ್ದರು. ನಡುವೆ ಮುಖ್ಯಸ್ಥರ ಮುಖ ಇನ್ನೊಮ್ಮೆ ಚೌಕ ಚೌಕವಾದದ್ದೂ, ನಾಲ್ಕೂವರೆಯಾದದ್ದೂ ಇಬ್ಬರಿಗೂ ಗೊತ್ತಾಗಲಿಲ್ಲ.

"ಪಾಸು," ಎಂದರು ಮುಖ್ಯಸ್ಥರು ಕೊನೆಗೆ. "ನೂರಕ್ಕೆ ನೂರು. ಮನೆಯಿಂದ ಕೆಲಸ ಮಾಡೋ ಹಕ್ಕು ನಿಮಗೆ ಖಾಯಂ. ವಿವರವಾಗಿ ಪತ್ರ ಕಳಿಸ್ತೀನಿ."

ಅವಳು ಬಾಗಿಲು ತೆರೆದು ತಾರಸಿಗೆ ಬಂದಾಗ ಬೀದಿಯ ಅರ್ಧ ಜನ ಅಲ್ಲಿದ್ದರು. ಗಂಡ ಕೂಡ ತಾನು ಬದುಕಿದ್ದೇನೆಂದು ಎಲ್ಲರಿಗೂ ತೋರಿಸಲು ಬೇಗ ಬಂದಿದ್ದ. "ಪಾಸಾದೆ," ಎಂದಳು ಅವಳು. ಟೈಲರಕ್ಕ ಅಪ್ಪಿಕೊಂಡಳು. ಮಾವ ನೆರೆದವರಿಗೆಲ್ಲ ತಂತಿಯನ್ನು ತೋರಿಸುತ್ತ, "ನಲವತ್ತೆಂಟೇ ವೋಲ್ಟು. ಆದ್ರೆ ಏನ್ ನಿಯತ್ತಿನ ಕರೆಂಟು ಗೊತ್ತಾ," ಎನ್ನುತ್ತಿದ್ದರು. ಅತ್ತೆ ಮೊದಲ ಬಾರಿಗೆ ಮೂವತ್ತು ಮೆಟ್ಟಿಲು ಹತ್ತಿ ಬಂದು, "ಹಳದಿ ಗೆರೆ ಕಂಡಿದ್ದು ನನಗೆ," ಎಂದು ಎಲ್ಲರಿಗೂ ಒಂದೊಂದು ಸಲ ಹೇಳಿದರು. ಯಾರೋ ಲೋಟಗಳಲ್ಲಿ ಕಾಫಿ ತಂದರು. ಕೈಪಿಡಿಯಮ್ಮ ಕಟ್ಟೆಯ ಮೇಲೆ ಕೂತು, ಕಾಲು ಚಾಚಿ, ನಿಧಾನವಾಗಿ ಕುಡಿದಳು. ಜೀವನದಲ್ಲಿ ಇಷ್ಟು ಎತ್ತರದಲ್ಲಿ ಅವಳು ಯಾವತ್ತೂ ಕೂತಿರಲಿಲ್ಲ.

ಐದೂ ಹತ್ತಕ್ಕೆ ಫೋನು ಕಿಣಿಕಿಣಿ ಎಂದಿತು. ಮುಖ್ಯಸ್ಥರ ಪತ್ರ, ಎಲ್ಲ ಮೂವತ್ತೆರಡು ಜನರಿಗೂ. "ಓದಮ್ಮ ಓದು, ಜೋರಾಗಿ," ಎಂದರು ಎಲ್ಲರೂ. ಅವಳು ಎದ್ದುನಿಂತು ಓದಿದಳು.

'ಈ ವಾರದ ಪರೀಕ್ಷೆಯಲ್ಲಿ ಒಬ್ಬರು ಮಾತ್ರ ಉತ್ತೀರ್ಣರಾಗಿದ್ದಾರೆ. ಅವರಿಗೆ ಅಭಿನಂದನೆಗಳು.' ಎಲ್ಲರೂ ಚಪ್ಪಾಳೆ ತಟ್ಟಿದರು. 'ದೋಷ ಆಫೀಸಿನ ನೆಟ್ಟಿನಲ್ಲೇ ಇದೆಯೆಂದು ಅವರು ಸಾಬೀತು ಮಾಡಿಕೊಟ್ಟಿರುವುದರಿಂದ ಉಳಿದ ಮೂವತ್ತೊಂದು ಜನರ ಫಲಿತಾಂಶವನ್ನು ರದ್ದುಪಡಿಸಲಾಗಿದೆ.' ಮತ್ತೆ ಚಪ್ಪಾಳೆ. ಉದಾರಿ ಹೆಂಗಸು ಎಂದು ಯಾರೋ ಅಂದರು.

'ಆಫೀಸಿನ ನಾಲ್ಕೂ ಮಹಡಿಗಳ ನೆಟ್ ಸರಿಯಾಗುವವರೆಗೆ ಯಾರೂ ಆಫೀಸಿಗೆ ಬರುವ ಅಗತ್ಯವಿಲ್ಲ. ಮೂವತ್ತೊಂದು ಜನರೂ ಮನೆಯಿಂದಲೇ ಕೆಲಸ ಮುಂದುವರಿಸತಕ್ಕದ್ದು. ಈ ವಿಷಯದಲ್ಲಿ ನಮ್ಮಲ್ಲಿ ಜ್ಞಾನವಿರುವವರು ಉತ್ತೀರ್ಣರಾದವರೊಬ್ಬರೇ ಆದ್ದರಿಂದ, ನೆಟ್ ಜೋಡಿಸುವ ಪೂರ್ತಿ ಹೊಣೆಯನ್ನು ಅವರಿಗೇ ವಹಿಸಲಾಗಿದೆ. ಅವರು ಸೋಮವಾರದಿಂದ ಪ್ರತಿದಿನ ಬೆಳಗ್ಗೆ ಎಂಟು ಗಂಟೆಗೆ ಆಫೀಸಿಗೆ ಹಾಜರಾಗತಕ್ಕದ್ದು. ಮನೆಯಿಂದ ಕೆಲಸ ಮಾಡುವ ಅವರ ಖಾಯಂ ಹಕ್ಕು, ಆ ಕೆಲಸ ಮುಗಿದ ದಿನದಿಂದ ಜಾರಿಗೆ ಬರುತ್ತದೆ.'

ಚಪ್ಪಾಳೆ ಒಂದೆರಡು ಕೈ ತಟ್ಟಿ, ತಡೆದು, ನಿಂತಿತು.

"ಎಂಟಕ್ಕೆ ಅಲ್ಲಿರ್ಬೇಕು ಅಂದ್ರೆ ಇಲ್ಲಿಂದ ಆರಕ್ಕೆ ಬಸ್ಸು," ಎಂದ ಗಂಡ ಮೆಲ್ಲಗೆ.

"ನಾಲ್ಕು ಮಹಡಿನಾ? ನಾನೂ ಬರ್ಲೇನಮ್ಮ?" ಎಂದರು ಮಾವ.

ಅವಳು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಗ ಫೋನು ಮತ್ತೆ ಕಿಣಿಕಿಣಿ ಎಂದಿತು. ಕುಕ್ಕರ್ ಗೆಳತಿ, 'ನೀನು ದೇವರು ಕಣೆ.' ಗೀಸರಿನವರು, 'ನಿಮ್ಮ ಉಪಕಾರ ಮರೆಯಲ್ಲ.' ಫ್ಯಾನ್ ವಿಭಾಗದ ಹಿರಿಯರು, 'ತಾಯೀ, ಕೆಲಸ ಅಚ್ಚುಕಟ್ಟಾಗಿ ಆಗಲಿ. ಅವಸರ ಮಾಡಬೇಡಿ. ಒಂದೆರಡು ವರ್ಷವಾದರೂ ಪರವಾಗಿಲ್ಲ.'

ತಲೆಯ ಮೇಲಿನ ನೆಟ್ ಎಷ್ಟು ಚೆನ್ನಾಗಿತ್ತೆಂದರೆ, ಮೂವತ್ತೊಂದು ಅಭಿನಂದನೆಗಳೂ ಒಂದರ ಬೆನ್ನಿಗೊಂದು, ಒಂದೂ ಕಡಿಯದೆ, ಒಂದೂ ತಡವಾಗದೆ ಬಂದು ತಲುಪಿದವು.